ಬಿಸಿನೀರಿನಿಂದ ಕಾಲುದಾರಿ ತೊಳೆಯುವಾಗ ಅಂಚಿನ ಹುಲ್ಲುಹಾಸನ್ನು ಉಳಿಸಿಕೊಳ್ಳುವುದು ಹೇಗೆ?

ಕಾಂಕ್ರೀಟ್ ಕಾಲುದಾರಿಯ ಎಣ್ಣೆ ಕಲೆಗಳನ್ನು ಬಿಸಿನೀರಿನ ಪ್ರೆಷರ್ ವಾಷರಿನಿಂದ ತೊಳೆಯಬೇಕಾಗಿದೆ, ಎರಡೂ ಬದಿಯ ಹುಲ್ಲು ಸುಡದಂತೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನಾನು ಕಂಡಂತೆ, ಹುಲ್ಲಿಗೆ ಹೆಚ್ಚು ಹಾನಿ ಮಾಡುವುದು ಸಿಡಿಯುವ ಹನಿಗಳಲ್ಲ, ತೊಳೆದ ಮೇಲೆ ಹರಿದು ಬಂದು ಒಂದೇ ಕಡೆ ನಿಲ್ಲುವ ನೀರು. ಹನಿಗಳು ಗಾಳಿಯಲ್ಲೇ ಬಹುಮಟ್ಟಿಗೆ ತಣಿಯುತ್ತವೆ. ಆದರೆ ನಿಮಿಷಕ್ಕೆ 10ರಿಂದ 15 ಲೀಟರಿನಂತೆ ಬರುವ ನೀರು ಇಳಿಜಾರು ಹಿಡಿದು ಹುಲ್ಲಿನ ಒಂದು ತಗ್ಗಿಗೆ ಇಳಿದರೆ, ಶಾಖ, ಮಾರ್ಜಕ, ಕರಗಿದ ಜಿಡ್ಡು ಎಲ್ಲವೂ ಅಲ್ಲೇ ಸೇರುತ್ತವೆ.

ಹುಲ್ಲಿನ ಎಲೆ ಬೆಂದರೂ ಬುಡ ಬದುಕಿದ್ದರೆ ಮತ್ತೆ ಚಿಗುರುತ್ತದೆ. ಆ ಬುಡ ಇರುವುದು ಮಣ್ಣಿನ ಮಟ್ಟದಲ್ಲಿ, ಬಿಸಿನೀರು ನಿಲ್ಲುವುದೂ ಅಲ್ಲಿಯೇ. ಕುದಿಯುವ ನೀರನ್ನು ಕಳೆ ಸಾಯಿಸಲು ಸುರಿಯುವುದುಂಟು ಎಂಬುದನ್ನು ನೆನಪಿಸಿಕೊಂಡರೆ, 80–90 ಡಿಗ್ರಿ ಸೆಲ್ಸಿಯಸ್ ನೀರಿನ ಬಗ್ಗೆ ಏಕೆ ಎಚ್ಚರ ಬೇಕೆಂಬುದು ತಿಳಿಯುತ್ತದೆ.

ಆದ್ದರಿಂದ ಯಂತ್ರ ಹಚ್ಚುವ ಮೊದಲು ಒಂದು ಬಕೆಟ್ ನೀರನ್ನು ದಾರಿಯ ಮೇಲೆ ಸುರಿದು, ಅದು ಎತ್ತ ಹರಿಯುತ್ತದೆ ಎಂದು ನೋಡಿ. ಹುಲ್ಲಿನತ್ತ ಹರಿಯುವ ಕಡೆ ಮರಳಿನ ಚೀಲಗಳನ್ನು ಸಾಲಾಗಿಟ್ಟು ಒಡ್ಡು ಕಟ್ಟಿ, ತೊಳೆಯುವಾಗ ಅಲ್ಲಿ ನಿಲ್ಲುವ ನೀರನ್ನು ವೆಟ್ ವ್ಯಾಕ್ಯೂಮಿನಿಂದ ಹೀರಿ ತೆಗೆಯಿರಿ. ಎಣ್ಣೆ ಬೆರೆತ ಈ ನೀರನ್ನು ಮಳೆನೀರಿನ ಚರಂಡಿಗೂ ಬಿಡಬಾರದು.

ಒಡ್ಡು ಕಟ್ಟಿದ ಬಳಿಕ, ತೊಳೆಯುವ ಮೊದಲೇ, ಅಂಚಿನ ಹುಲ್ಲನ್ನು ತಣ್ಣೀರಿನಿಂದ ಚೆನ್ನಾಗಿ ನೆನೆಸಿ. ಇದನ್ನು ಎಂದೂ ಬಿಡಬೇಡಿ. ಮೊದಲೇ ನೀರುಂಡ ಮಣ್ಣು ಬೇಗ ಬಿಸಿಯಾಗುವುದಿಲ್ಲ, ಮೇಲೆ ಬಂದ ಮಾರ್ಜಕವನ್ನು ಒಣ ಮಣ್ಣಿನಷ್ಟು ಹೀರಿಕೊಳ್ಳುವುದೂ ಇಲ್ಲ.

ಇನ್ನು ತೊಳೆಯುವ ಕ್ರಮ. ಹುಲ್ಲಿಗೆ ಹೊಂದಿಕೊಂಡ ಸುಮಾರು ಒಂದು ಅಡಿಯ ಪಟ್ಟಿಯನ್ನು ಯಂತ್ರದಲ್ಲಿ ನೀರು ಕಾಯಿಸುವ ಬರ್ನರನ್ನು ನಿಲ್ಲಿಸಿ ತಣ್ಣೀರಿನಲ್ಲೇ ತೊಳೆಯುವುದು ನನ್ನ ರೂಢಿ. ಎಣ್ಣೆ ಕಲೆ ಸಾಮಾನ್ಯವಾಗಿ ನಡುವೆ ಇರುವುದರಿಂದ ಬಿಸಿನೀರು ಅಲ್ಲಿಗೆ ಸಾಕು. ಅಂಚಿನಲ್ಲಿ ಧಾರೆಯನ್ನು 40 ಡಿಗ್ರಿ ಕೋನದಲ್ಲಿ ಹರಡುವ ಅಗಲ ನಾಝಲ್ ಹಾಕಿ, ಧಾರೆಯನ್ನು ಹುಲ್ಲಿನಿಂದ ದಾರಿಯ ಕಡೆಗೆ ತಿರುಗಿಸಿ ಹಿಡಿಯಿರಿ. ಕಿರಿದಾದ ಧಾರೆ ಅಂಚಿನ ಮಣ್ಣನ್ನೇ ಕೊರೆದು ಬೇರನ್ನು ಹೊರಗೆ ಹಾಕುತ್ತದೆ. ದಾರಿ ಅಗಲವಾಗಿದ್ದರೆ, ನೀರನ್ನು ಮುಚ್ಚಳದೊಳಗೇ ತಿರುಗಿಸುವ ಸರ್ಫೇಸ್ ಕ್ಲೀನರ್ ಬಳಸಿ. ಸಿಡಿತ ಬಹಳ ಕಡಿಮೆಯಾಗುತ್ತದೆ.

ಪ್ಲಾಸ್ಟಿಕ್ ತಾಡಪಾಲು ಹೊದಿಸಲು ಹಲವರು ಹೇಳುತ್ತಾರೆ. ಬಿಸಿಲಿನಲ್ಲಿ ಅದರಡಿ ಹುಲ್ಲು ಬೇಯುತ್ತದೆಂಬುದನ್ನು ನಾನು ನಷ್ಟಪಟ್ಟೇ ಕಲಿತೆ: ಮಧ್ಯಾಹ್ನವಿಡೀ ಹೊದಿಸಿಟ್ಟಿದ್ದ ಕಡೆ ಹುಲ್ಲು ಹಳದಿಯಾಗಿ, ಬಿಸಿನೀರು ತಗುಲಿದ್ದ ಕಡೆಗಿಂತ ತಡವಾಗಿ ಚೇತರಿಸಿಕೊಂಡಿತು. ಅಂದಿನಿಂದ ಪ್ಲೈವುಡ್ ಹಲಗೆಯೊಂದನ್ನು ಅಂಚಿಗೆ ಓರೆಯಾಗಿ ನಿಲ್ಲಿಸಿ, ತೊಳೆಯುತ್ತಾ ಹೋದಂತೆ ಮುಂದಕ್ಕೆ ಸರಿಸುತ್ತೇನೆ.

ಎಣ್ಣೆಗೆ ಬಳಸುವ ಕ್ಷಾರೀಯ ಮಾರ್ಜಕವೂ, ಪಾಚಿಗೆ ಬಳಸುವ ಸೋಡಿಯಂ ಹೈಪೋಕ್ಲೋರೈಟ್ ಕೂಡ ಹುಲ್ಲನ್ನು ಸುಡುತ್ತವೆ. ಬಿಸಿನೀರು ಇದ್ದಾಗ ಮಾರ್ಜಕ ಕಡಿಮೆ ಸಾಕಾಗುವುದರಿಂದ, ಮೊದಲು ಬರೀ ನೀರಿನಲ್ಲಿ ತೊಳೆದು, ಉಳಿದ ಕಲೆಗಷ್ಟೇ ಹಚ್ಚಿ. ಕೆಲಸ ಮುಗಿದ ಕೂಡಲೇ ಅಂಚಿನ ಹುಲ್ಲಿಗೆ ಮತ್ತೊಮ್ಮೆ ಧಾರಾಳವಾಗಿ ತಣ್ಣೀರು ಹಾಯಿಸಿ.

ಇಷ್ಟಾದರೂ ಎಲ್ಲಿಯಾದರೂ ಕಂದುಬಣ್ಣ ಕಂಡರೆ ಕೂಡಲೇ ಕಿತ್ತುಹಾಕಬೇಡಿ. ಬುಡವನ್ನು ಬಿಡಿಸಿ ನೋಡಿ; ಬಿಳಿಯಾಗಿ ಗಟ್ಟಿಯಾಗಿದ್ದರೆ ನೀರುಣಿಸುತ್ತಾ ಕೆಲವು ವಾರ ಕಾಯಿರಿ, ಕಂದಾಗಿ ಮೆತ್ತಗಾಗಿದ್ದರೆ ಮಾತ್ರ ಅಷ್ಟು ಜಾಗಕ್ಕೆ ಹೊಸ ಹುಲ್ಲು ಹಾಕಿ.