ಕಾಳಿ ನದಿಯಲ್ಲಿ ಮನೆಯವರೊಂದಿಗೆ ಸುತ್ತಾಡಲು ಹಳೆಯ ಮೋಟಾರು ದೋಣಿ ಕೊಳ್ಳುತ್ತಿದ್ದೇನೆ. ನೋಂದಣಿ, ಹಕ್ಕುಪತ್ರ ಎರಡನ್ನೂ ಮಾಡಿಸುವುದು ಹೇಗೆ?

ಮುಂಗಡ ಕೊಟ್ಟಾಗಿದೆಯೇ? ಕೊಟ್ಟಿಲ್ಲವಾದರೆ ಕೊಡಬೇಡಿ. ‘ಮಾರುವವರು ಕಾಗದಪತ್ರ ಎಲ್ಲ ಸರಿಯಿದೆ ಎನ್ನುತ್ತಿದ್ದಾರೆ’ ಎಂದು ಬರೆದಿದ್ದೀರಲ್ಲ, ನನಗೂ ಇದೇ ಮಾತು ಹೇಳಿದ್ದರು.

ನಾನಿರುವುದು ಶಿರಸಿಯಲ್ಲಿ. ಸದಾಶಿವಗಡದ ಕಡೆ ಒಂದು ಫೈಬರ್ ದೋಣಿ ಮಾರಾಟಕ್ಕಿದೆ ಎಂದು ಗೊತ್ತಾಗಿ ಹೋಗಿ ನೋಡಿದೆ. ತಳ ಗಟ್ಟಿಯಿತ್ತು, ಔಟ್‌ಬೋರ್ಡ್ ಎಂಜಿನ್ ಮೊದಲ ಎಳೆತಕ್ಕೇ ಶುರುವಾಯಿತು. ಮಾರುವವರು ಮೀನುಗಾರಿಕೆ ಇಲಾಖೆಯ ನೋಂದಣಿ ಪತ್ರದ ನಕಲು ಕೊಟ್ಟರು, ಜೊತೆಗೆ ತಾವು ಅದನ್ನು ಕೊಂಡಾಗ ಮಾಡಿಸಿಕೊಂಡ ಬಾಂಡ್ ಕಾಗದವನ್ನೂ ತೋರಿಸಿದರು. ನಾನೂ ಅಂಥದ್ದೇ ಇನ್ನೊಂದು ಬಾಂಡ್ ಬರೆಸಿ, ನೋಟರಿ ಮೊಹರು ಹಾಕಿಸಿ ಹಣ ಎಣಿಸಿ ಕೊಟ್ಟೆ.

ನೋಂದಣಿ ಪತ್ರದಲ್ಲಿದ್ದ ಹೆಸರು ಮಾರಿದವರದ್ದಲ್ಲ. ಅವರಿಗೆ ಮಾರಿದವರದ್ದೂ ಅಲ್ಲ. ಅದಕ್ಕೂ ಹಿಂದಿನ ಮಾಲೀಕರದ್ದು, ಅವರು ತೀರಿಹೋಗಿದ್ದರು. ದೋಣಿ ಕೈಯಿಂದ ಕೈಗೆ ಹೋಗಿತ್ತು, ಪತ್ರ ಮಾತ್ರ ಇದ್ದಲ್ಲೇ ಉಳಿದಿತ್ತು. ಈ ಒಂದು ವಿಷಯವನ್ನು ಎಷ್ಟು ಬಿಡಿಸಿ ಹೇಳಿದರೂ ಕಡಿಮೆಯೇ. ಬಾಂಡ್ ಕಾಗದ ಸಾಕ್ಷಿ ಹೇಳುವುದು ನಿಮಗೂ ಮಾರಿದವರಿಗೂ ಆದ ಮಾತುಕತೆಗೆ. ಅವರಿಗೆ ಮಾರುವ ಹಕ್ಕು ಇತ್ತೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಹೆಸರು ವರ್ಗಾವಣೆಗೆ ಬೇಕಾದದ್ದು ಪತ್ರದಲ್ಲಿ ಹೆಸರಿರುವವರ ಸಹಿ. ಅವರಿಲ್ಲದಿದ್ದರೆ ವಾರಸುದಾರರದ್ದು, ಅದೂ ಎಲ್ಲರದ್ದೂ. ತೀರಿಹೋದ ಆ ಮಾಲೀಕರ ಒಬ್ಬ ಮಗ ವಾಸ್ಕೋದಲ್ಲಿ, ಇನ್ನೊಬ್ಬ ಮುಂಬೈಯಲ್ಲಿ. ಹೆಂಡತಿ ಸಹಿ ಹಾಕಲು ಒಪ್ಪಿದರು, ಹಿರಿಯ ಮಗ ಮಾತ್ರ ತನ್ನ ಪಾಲಿನ ದುಡ್ಡು ಕೇಳಿದ. ಕೇಳುವುದು ತಪ್ಪೂ ಅಲ್ಲ, ಅವನ ತಂದೆಯ ದೋಣಿ ತಾನೇ! ಮಾರಿದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಎಂಜಿನ್ನಿನ ಬಿಲ್ ಕೇಳಿದರೆ ಅದೂ ಇಲ್ಲ, ನಂಬರಿನ ಫಲಕವನ್ನು ಉಪ್ಪುನೀರು ತಿಂದುಹಾಕಿತ್ತು. ಮಳೆಗಾಲ ಕಳೆದು ಇನ್ನೊಂದು ಮಳೆಗಾಲ ಬಂದರೂ ದೋಣಿ ದಡದಲ್ಲಿ ಮಡಲಿನಡಿ ಬೋರಲು ಬಿದ್ದಿತ್ತು. ಕೊನೆಗೆ ಎಂಜಿನ್ ಬೇರೆ, ದೋಣಿ ಬೇರೆ ಮಾಡಿ ಸಿಕ್ಕಷ್ಟಕ್ಕೆ ಕೈತೊಳೆದುಕೊಂಡೆ.

ಇನ್ನು ನಿಮ್ಮ ಪ್ರಶ್ನೆ. ಜಮೀನಿಗೆ ಇರುವ ಹಾಗೆ ದೋಣಿಗೆ ಪ್ರತ್ಯೇಕ ಹಕ್ಕುಪತ್ರ ಎಂಬುದು ನಮ್ಮಲ್ಲಿ ಇಲ್ಲ. ಅದನ್ನು ಹುಡುಕುವುದನ್ನು ಬಿಡಿ. ನೋಂದಣಿ ಪತ್ರ, ಅದರ ಹಿಂದಿನ ಖರೀದಿ ಬಿಲ್ಲುಗಳು, ಇಷ್ಟೇ ನಿಮ್ಮ ಆಧಾರ. ಆದ್ದರಿಂದ ಆ ಪತ್ರ ಯಾರ ಹೆಸರಿನಲ್ಲಿದೆ, ಯಾವ ಇಲಾಖೆಯದ್ದು ಎಂದು ನೋಡಿ. ‘ಐಎನ್‌ಡಿ-ಕೆಎ’ ಎಂದು ಶುರುವಾಗುವ ಸಂಖ್ಯೆ ಬರೆದಿದ್ದರೆ ಅದು ಮೀನುಗಾರಿಕೆಗೆ ನೋಂದಣಿಯಾದ ದೋಣಿ. ನೆಂಟರಿಷ್ಟರನ್ನು ಕೂರಿಸಿಕೊಂಡು ತಿರುಗಲು ಆ ಪತ್ರ ನಿಮಗೆ ನೆರವಾಗುವುದಿಲ್ಲ.

ನದಿಯಲ್ಲಿ ಓಡುವ ಎಂಜಿನ್ ದೋಣಿಗೆ ಅನ್ವಯಿಸುವುದು 2021ರ ಒಳನಾಡು ಹಡಗುಗಳ ಕಾಯ್ದೆ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಇದು ಬಂದಿದೆ. ಕೊಡಸಳ್ಳಿ ಅಣೆಕಟ್ಟೆಯಿಂದ ಕೆಳಗಿನ ಕಾಳಿ ಈಗ ರಾಷ್ಟ್ರೀಯ ಜಲಮಾರ್ಗ 52, ಹಾಗಾಗಿ ಅದೂ ಈ ಕಾಯ್ದೆಯ ವ್ಯಾಪ್ತಿಗೇ ಬರುತ್ತದೆ. ಮೊದಲು ಸರ್ವೆ, ಆಮೇಲೆ ನೋಂದಣಿ. ಸರ್ವೆಯಲ್ಲಿ ದೋಣಿಯ ಒಡಲು, ಎಂಜಿನ್, ಜೀವರಕ್ಷಕ ಸಾಧನಗಳನ್ನು ನೋಡುತ್ತಾರೆ. 2019ರ ಜನವರಿಯಲ್ಲಿ ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದವರ ದೋಣಿ ಮಗುಚಿದ್ದು ನೆನಪಿದ್ದವರು ಇದನ್ನು ಕಿರಿಕಿರಿ ಎನ್ನಲಾರರು. ವಿಮೆಯೂ ಬೇಕು. ಈ ಕಾಯ್ದೆಯ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತದೆ, ಆದ್ದರಿಂದ ಇಲ್ಲಿಯ ಅನಾಥ ದೋಣಿಗಿಂತ ಮಾಲೀಕರು ಎದುರಿಗೇ ನಿಂತು ಸಹಿ ಹಾಕುವ ಗೋವಾದ ದೋಣಿ ನೂರು ಪಾಲು ಮೇಲು. ಆದರೆ ಅಳಿವೆ ದಾಟಿ ಸಮುದ್ರಕ್ಕಿಳಿಯಲು ಒಳನಾಡಿನ ಪತ್ರ ಸಾಲದು. ಅರ್ಗಾದ ನೌಕಾನೆಲೆಯ ಕಡೆಗಂತೂ ಮೂತಿ ತಿರುಗಿಸಲೇಬೇಡಿ.

ನನ್ನನ್ನು ಕೇಳಿದರೆ ನಿಮಗೆ ಮೋಟಾರು ದೋಣಿಯೇ ಬೇಡ. ವರ್ಷಕ್ಕೆ ನಾಲ್ಕು ಭಾನುವಾರ ತಿರುಗಲು ಪತ್ರವಿರುವ ದೋಣಿಯನ್ನು ಬಾಡಿಗೆಗೆ ತೆಗೆದುಕೊಳ್ಳಿ, ನಡೆಸಲು ನುರಿತ ತಾಂಡೇಲರು ಇದ್ದಾರೆ. ಸ್ವಂತದ್ದೇ ಆಗಬೇಕೆಂಬ ಹಟವಿದ್ದರೆ ಹುಟ್ಟು ಹಾಕುವ ಪಾತಿ ದೋಣಿ ಕೊಳ್ಳಿ. ಎಂಜಿನ್ನಿಲ್ಲದ ದೋಣಿಗಳ ದಾಖಲಾತಿಯನ್ನು ಸ್ಥಳೀಯ ಸಂಸ್ಥೆಗಳ ಮಟ್ಟಕ್ಕೇ ಬಿಡಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ.

ಇಷ್ಟು ಹೇಳಿದರೂ ಅದೇ ದೋಣಿಯ ಮೇಲೆ ಮನಸ್ಸಿದ್ದರೆ, ಮಾರುವವರನ್ನು ಜೊತೆಗೆ ಕರೆದುಕೊಂಡು ಕಾರವಾರದ ಬಂದರು ಇಲಾಖೆಯ ಕಚೇರಿಗೆ ಹೋಗಿ, ಮೂಲ ಪತ್ರವನ್ನು ತೋರಿಸಿ ಕೇಳಿ. ಮೇ ತಿಂಗಳಲ್ಲಿ ಮಾತ್ರ ವ್ಯಾಪಾರ ಕುದುರಿಸಬೇಡಿ. ಜೂನ್ ಒಂದರಿಂದ ಮೀನುಗಾರಿಕೆ ನಿಷೇಧ ಶುರುವಾಗುವ ಮುಂಚೆ ಬೆಲೆ ಇಳಿಸಿ ಅವಸರ ಮಾಡುತ್ತಾರೆ. ನಾನು ಕೊಂಡದ್ದೂ ಮೇ ಕೊನೆಯಲ್ಲೇ.