ಹೆದ್ದಾರಿಯ ಹಸಿರು: ಸಹಿಗೆ ಮೊದಲು ನೀರಿನ ಲೆಕ್ಕ

ಪ್ರಶ್ನೆ: ಊರೊಳಗೆ ಹಾದುಹೋಗುವ 8 ಕಿ.ಮೀ. ಹೆದ್ದಾರಿಯ ಡಿವೈಡರ್ ಗಿಡಗಳು ಮತ್ತು ಪಕ್ಕದ ಹುಲ್ಲುಹಾಸಿನ ನಿರ್ವಹಣೆಯನ್ನು ನಗರಸಭೆ ವಹಿಸಿಕೊಳ್ಳಲಿದೆ. ಒಪ್ಪಂದದ ಕರಡು ಎರಡೇ ಪುಟ ಇದೆ. ಸಾಕೇ?
– ನಗರಸಭಾ ಸದಸ್ಯೆ

ಉತ್ತರ: ಪುಟ ಎರಡಾದರೂ ಸರಿ, ‘ನಿರ್ವಹಣೆ’ ಎಂದರೆ ಏನೇನು ಎಂಬುದನ್ನು ಬಿಡಿಸಿ ಬರೆದಿರಬೇಕು. ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ವೃತ್ತದ ಹೆಸರು ಹೇಳಿ ಮುಗಿಸಬೇಡಿ, ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ನಮೂದಿಸಿ, ನಕ್ಷೆ ಲಗತ್ತಿಸಿ. ಗಿಡ, ಹುಲ್ಲು, ನೀರಿನ ಪೈಪು, ಕಸ ನಗರಸಭೆಗೆ; ಡಾಂಬರು, ಡಿವೈಡರಿನ ಅಂಚಿಗೆ ಕಟ್ಟಿದ ಕರ್ಬ್ ಕಲ್ಲು, ತಡೆಬೇಲಿ ಹೆದ್ದಾರಿ ಇಲಾಖೆಗೆ ಎಂಬ ಹಂಚಿಕೆಗೆ ಸಾಮಾನ್ಯವಾಗಿ ಯಾರೂ ತಕರಾರು ಮಾಡುವುದಿಲ್ಲ. ಜಗಳ ಹುಟ್ಟುವುದು ನಡುವಿನವುಗಳಲ್ಲಿ. ಚರಂಡಿಯಲ್ಲಿ ತುಂಬಿದ ಎಲೆ ತೆಗೆಯುವವರು ಯಾರು? ಲಾರಿ ನುಗ್ಗಿ ಮುರಿದ ಗಿಡಗಳ ನಷ್ಟ ಯಾರ ಪಾಲು? ಕೇಬಲ್‌ಗೆಂದು ಅಗೆದವರು ಮಣ್ಣು ಮುಚ್ಚದೇ ಹೋದರೆ? ಪಂಪಿನ ವಿದ್ಯುತ್ ಮೀಟರ್ ಯಾರ ಹೆಸರಿನಲ್ಲಿ? ಒಂದೊಂದಕ್ಕೂ ಒಂದೊಂದು ಸಾಲು ಇರಲಿ.

ಹಸ್ತಾಂತರಕ್ಕೆ ಮೊದಲು ಎರಡೂ ಕಡೆಯವರು ನಡೆದುಕೊಂಡೇ ಹೋಗಿ ಬದುಕಿರುವ ಗಿಡಗಳನ್ನು ಎಣಿಸಬೇಕು. ಇದನ್ನು ಬೇಸಿಗೆಯ ಕೊನೆಯಲ್ಲಿ ಮಾಡಿ. ಮಳೆಗಾಲದಲ್ಲಿ ಕಳೆಯೂ ಹಸಿರಾಗಿ ಕಂಡು ಲೆಕ್ಕ ತಪ್ಪಿಸುತ್ತದೆ. ಪೈಪು ಎಲ್ಲೆಲ್ಲಿ ಹೂತಿದೆ ಎಂಬ ನಕ್ಷೆ ಕೈಗೆ ಬರುವವರೆಗೆ ಸಹಿ ಬೇಡ; ಇಲ್ಲದಿದ್ದರೆ ಮೊದಲ ಗುಂಡಿ ತೋಡುವಾಗಲೇ ನಿಮ್ಮ ಹಾರೆ ನಿಮ್ಮದೇ ಪೈಪನ್ನು ಸೀಳುತ್ತದೆ.

ಪ್ರಶ್ನೆ: ನಮ್ಮಲ್ಲಿ ಒಂದು ಟ್ಯಾಂಕರ್ ಇದೆ. ಈ 8 ಕಿ.ಮೀ.ಗೆ ಸಾಲುತ್ತದೆಯೇ?
– ಉದ್ಯಾನ ವಿಭಾಗದ ಮೇಲ್ವಿಚಾರಕ

ಉತ್ತರ: ಸಾಲುವುದಿಲ್ಲ. ಡಿವೈಡರಿನಲ್ಲಿ ಎರಡು ಸಾಲು, ಮೀಟರಿಗೊಂದು ಗಿಡ ಎಂದರೆ ಕಿಲೋಮೀಟರಿಗೆ 2,000 ಗಿಡ. ಬೇಸಿಗೆಯಲ್ಲಿ ಗಿಡಕ್ಕೆ 10 ಲೀಟರ್ ಹಿಡಿದರೆ ಕಿಲೋಮೀಟರಿಗೆ 20,000 ಲೀಟರ್, ಇಡೀ ಹಾದಿಗೆ 1,60,000. 5,000 ಲೀಟರಿನ ಟ್ಯಾಂಕರಿಗೆ ಇದು 32 ಟ್ರಿಪ್. ತುಂಬಿಸಿ, ಹೋಗಿ, ಸುರಿದು ಬರಲು ಒಂದೂವರೆ ಗಂಟೆಯಾದರೆ ದಿನಕ್ಕೆ 5 ಟ್ರಿಪ್‌ಗೇ ಸಂಜೆ. ಒಂದು ಸುತ್ತು ಮುಗಿಸಲು ಏಳು ದಿನ ಹಿಡಿಯುತ್ತದೆ. ಹೊಸ ಗಿಡಕ್ಕೆ ಮೂರು ದಿನಕ್ಕೊಮ್ಮೆಯಾದರೂ ನೀರು ಬೇಕು. ಅಂದರೆ ಮೂರು ಟ್ಯಾಂಕರ್, ಇಲ್ಲವೇ ಹನಿ ನೀರಾವರಿ.

ಹನಿ ನೀರಾವರಿಯೇ ಲೇಸು, ಆದರೆ ಹಾಕಿ ಮರೆತುಬಿಡುವಂಥದ್ದಲ್ಲ. 16 ಮಿ.ಮೀ. ಪೈಪಿನಲ್ಲಿ ಮೀಟರಿಗೊಂದು, ಗಂಟೆಗೆ 4 ಲೀಟರಿನ ಸಾಮಾನ್ಯ ಡ್ರಿಪ್ಪರ್ (ನೀರನ್ನು ಹನಿಯಾಗಿ ಬಿಡುವ ಬಿರಡೆ) ಹಾಕಿದರೆ ಒಂದು ಸಾಲು ಸುಮಾರು 70 ಮೀಟರ್ ಮೀರಬಾರದು. ಮೀರಿದರೆ ಕೊನೆಯ ಗಿಡಗಳಿಗೆ ಒತ್ತಡ ಸಾಲದೆ ಅವೇ ಮೊದಲು ಒಣಗುತ್ತವೆ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಿರಿ, ತಿಂಗಳಿಗೊಮ್ಮೆ ಪ್ರತಿ ಸಾಲಿನ ತುದಿಯ ಮುಚ್ಚಳ ಬಿಚ್ಚಿ ಕೆಸರು ಹರಿಯಬಿಡಿ. ಗಡಸು ನೀರಾದರೆ ಡ್ರಿಪ್ಪರಿನ ಬಾಯಲ್ಲಿ ಸುಣ್ಣ ಕಟ್ಟುತ್ತದೆ. ಅದಕ್ಕೆ ಆಮ್ಲ ಹಾಯಿಸಬೇಕಾಗುತ್ತದೆ, ಅದನ್ನು ತಿಳಿದವರೇ ಮಾಡಲಿ.

ಪ್ರಶ್ನೆ: ನೀರು ಕೊಟ್ಟರೂ ಗಿಡ ಮೇಲೇಳುತ್ತಿಲ್ಲ. ಏಕೆ?

ಉತ್ತರ: ಒಂದೆರಡು ಕಡೆ ಅಗೆದು ನೋಡಿ. ಡಿವೈಡರಿನೊಳಗೆ ಹೆಚ್ಚಾಗಿ ಸಿಗುವುದು ಜಲ್ಲಿ, ಸಿಮೆಂಟ್ ಚೂರು, ರೋಲರ್ ಓಡಿ ಗಟ್ಟಿಯಾದ ಮಣ್ಣು. 60 ಸೆಂ.ಮೀ. ಆಳದವರೆಗೆ ತೆಗೆದು ಎರಡು ಪಾಲು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ತುಂಬಿ. ಮಣ್ಣು ಕರ್ಬ್ ಕಲ್ಲಿಗಿಂತ 5ರಿಂದ 8 ಸೆಂ.ಮೀ. ತಗ್ಗಿರಲಿ. ದಿಬ್ಬದಂತೆ ಪೇರಿಸಿದರೆ ಚೆಂದ ಕಾಣುತ್ತದೆ ನಿಜ, ಆದರೆ ಕೆಸರು ರಸ್ತೆಗಿಳಿದು ದ್ವಿಚಕ್ರ ವಾಹನಗಳು ಜಾರುತ್ತವೆ.

ಪ್ರಶ್ನೆ: ಗಿಡ ಎಷ್ಟೆತ್ತರ ಬೆಳೆಯಲು ಬಿಡಬಹುದು?

ಉತ್ತರ: ಎದುರು ವಾಹನದ ಹೆಡ್‌ಲೈಟ್ ಕಣ್ಣಿಗೆ ಬೀಳದಿರಲು 1.2ರಿಂದ 1.5 ಮೀಟರ್. ಯು-ತಿರುವಿನ ಬಳಿ ಮಾತ್ರ 60 ಸೆಂ.ಮೀ. ದಾಟಬಾರದು. ಗಂಟೆಗೆ 80 ಕಿ.ಮೀ. ವೇಗದ ವಾಹನ ನಿಲ್ಲಲು 120–130 ಮೀಟರ್ ಬೇಕು, ಅಷ್ಟು ದೂರವೂ ತಗ್ಗು ಗಿಡವೇ ಇರಲಿ. ಕಾಂಡ ದಪ್ಪಗಾಗುವ ಮರ ಡಿವೈಡರಿನಲ್ಲಿ ಬೇಡ. ದಾರಿ ತಪ್ಪಿದ ಕಾರಿಗೆ 10 ಸೆಂ.ಮೀ. ಮೀರಿದ ಕಾಂಡವೂ ಕಂಬದಷ್ಟೇ ಅಪಾಯ. ಕಣಗಿಲೆ ಕತ್ತರಿಸಿದ ಕಡ್ಡಿ, ಎಲೆಗಳನ್ನು ಅಲ್ಲೇ ಬಿಟ್ಟು ಬರಬೇಡಿ, ಸುಡಲೂ ಬೇಡಿ. ಅದು ದನಕ್ಕೆ ವಿಷ, ಹೊಗೆಯೂ ಕೆಟ್ಟದ್ದು.

ಪ್ರಶ್ನೆ: ಕೆಲಸಗಾರರಿಗೆ ಹೊಳೆಯುವ ಜಾಕೆಟ್ ಕೊಟ್ಟಿದ್ದೇವೆ. ಇನ್ನೇನು ಬೇಕು?

ಉತ್ತರ: ಜಾಕೆಟ್ ಕೊನೆಯ ರಕ್ಷಣೆ. ಬಲಗಡೆಯ ವೇಗದ ಲೇನಿನಲ್ಲಿ ತೆವಳುವ ಟ್ಯಾಂಕರಿಗೆ ವಾಹನಗಳು ಹಿಂದಿನಿಂದ ಬಂದು ಗುದ್ದುವುದೇ ಇಲ್ಲಿನ ದೊಡ್ಡ ಅಪಾಯ. ಟ್ಯಾಂಕರಿನ ಹಿಂದೆ, ಸಾಕಷ್ಟು ಅಂತರ ಬಿಟ್ಟು, ಮಿನುಗುವ ಬಾಣದ ಫಲಕ ಹೊತ್ತ ಇನ್ನೊಂದು ವಾಹನ ಬರಬೇಕು. ಅದಕ್ಕೂ ಮೊದಲೇ ಎಚ್ಚರಿಕೆ ಫಲಕ, ಲೇನನ್ನು ನಿಧಾನವಾಗಿ ಕಿರಿದಾಗಿಸುವ ಕೋನ್‌ಗಳ ಸಾಲು ಇರಲಿ. ಮುಂಜಾನೆಯ ಮಂಜು, ಕತ್ತಲೆ, ದಟ್ಟಣೆಯ ಹೊತ್ತಿನಲ್ಲಿ ಕೆಲಸ ಬೇಡ. ಈ ಎರಡನೇ ವಾಹನದ ಬಾಡಿಗೆಯನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಿ. ಪಟ್ಟಿಯಲ್ಲಿ ಇಲ್ಲದ್ದು ರಸ್ತೆಗೂ ಬರುವುದಿಲ್ಲ.