ಹೊಸ ತಾರಸಿ ಸೋರದಂತೆ

ಪ್ರಶ್ನೆ: ಹೋದ ವರ್ಷ ಆರ್‌ಸಿಸಿ ಮನೆ ಕಟ್ಟಿಸಿದ್ದೇವೆ. ತಾರಸಿ ಈಗೇನೂ ಸೋರುತ್ತಿಲ್ಲ. ಹೀಗೇ ಉಳಿಯಲು ಏನು ಮಾಡಬೇಕು?

ಉತ್ತರ: ಸೋರಿಕೆ ಹೆಚ್ಚಾಗಿ ಶುರುವಾಗುವುದು ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ, ಮಳೆನೀರಿನ ಪೈಪಿನ ಬಾಯಲ್ಲಿ. ಮೇ ತಿಂಗಳಲ್ಲೇ ಕಸ ಗುಡಿಸಿ, ಪೈಪಿಗೆ ಒಂದು ಬಕೆಟ್ ನೀರು ಸುರಿದು ನೋಡಿ. ನೀರು ನಿಲ್ಲುವ ಜಾಗಕ್ಕೆ ಗುರುತು ಹಾಕಿ. ಇಳಿಜಾರು 10 ಅಡಿಗೆ 1¼ ಇಂಚಾದರೂ ಬೇಕು. ಬಿರುಕಿನ ಮೇಲೆ ಬರೀ ಸಿಮೆಂಟ್ ಹಾಲು ಬಳಿಯುವುದು ದಂಡ: ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ ಮತ್ತೆ ಬಾಯಿಬಿಡುತ್ತದೆ. ಅದನ್ನು ‘ವಿ’ ಆಕಾರದಲ್ಲಿ ಕೆತ್ತಿ, ಧೂಳು ತೆಗೆದು, ಕ್ರ್ಯಾಕ್ ಫಿಲ್ಲರ್ ತುಂಬಿ, ಒಣಗಿದ ಮೇಲೆ ವಾಟರ್‌ಪ್ರೂಫ್ ಕೋಟ್ ಎರಡು ಸಲ ಹಚ್ಚಿ. ಹೂಕುಂಡಗಳನ್ನು ಸ್ಟ್ಯಾಂಡ್ ಮೇಲಿಡಿ. ಡಿಶ್ ಆಂಟೆನಾದವರು ಡ್ರಿಲ್ ಹಿಡಿದು ಬಂದರೆ ತಾರಸಿ ಮುಟ್ಟಲು ಬಿಡಬೇಡಿ, ಪ್ಯಾರಾಪೆಟ್ಟಿನ ಪಕ್ಕಕ್ಕೆ ಕೂರಿಸಲಿ.